ಜರ್ಮನಿಯಲ್ಲಿ ಮಾಸ್ಟರ್ಸ್: ಮೊದಲು ನಿಮ್ಮ ಮಾರ್ಕ್ಸ್ ಕಾರ್ಡ್ ತೆಗೆದಿಟ್ಟುಕೊಳ್ಳಿ

ಪ್ರಶ್ನೆ: ನಾನು ದಾವಣಗೆರೆಯವನು. ವಿಟಿಯು ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಏಳನೇ ಸೆಮಿಸ್ಟರ್. ಸಿಜಿಪಿಎ 7.4. ಎರಡು ಬ್ಯಾಕ್‌ಲಾಗ್ ಇದ್ದವು, ಈಗ ಕ್ಲಿಯರ್ ಆಗಿವೆ. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಬೇಕು ಅಂತ ಆಸೆ. ಜರ್ಮನ್ ಭಾಷೆ ಬರಲ್ಲ. ಮನೆಯಲ್ಲಿ ಹೆಚ್ಚೆಂದರೆ 15 ಲಕ್ಷ ಹೊಂದಿಸಬಹುದು. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್, ಬರ್ಲಿನ್‌ನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ, ಎಪಿಎಸ್ ಏನೂ ಬೇಡ, ವೀಸಾ ಗ್ಯಾರಂಟಿ ಅಂತಿದ್ದಾರೆ. ಕೋರ್ಸಿಗೆ 12 ಸಾವಿರ ಯೂರೋ ಅಂತೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನಲ್ಲಿ ನನಗೆ ಯಾವ ಕೋರ್ಸು ಸಿಗಬಹುದು? ಡೇಟಾ ಸೈನ್ಸ್‌ಗೆ ಹಾರಬಹುದೇ? ತಂಗಿ ಈ ವರ್ಷ ಪಿಯುಸಿ ಮುಗಿಸ್ತಾಳೆ, ಅವಳೂ ಬರಬಹುದೇ?

ಉತ್ತರ: ಮೊದಲು ಕನ್ಸಲ್ಟೆಂಟ್ ವಿಷಯ ಮುಗಿಸೋಣ. ಅವರಿಗೆ ಅಡ್ವಾನ್ಸ್ ಕೊಡಬೇಡಿ. ಕೊಟ್ಟಿದ್ದರೆ ರಸೀದಿ ಇಟ್ಟುಕೊಳ್ಳಿ, ಇನ್ನು ಮುಂದಕ್ಕೆ ಕೊಡಬೇಡಿ.

ಕಾರಣ ಸರಳ. ಎಪಿಎಸ್ ಬೇಡ ಅನ್ನುವ ಮಾತೇ ತಪ್ಪು. ಎಪಿಎಸ್ ಅಂದರೆ ಭಾರತದ ವಿದ್ಯಾರ್ಥಿಗಳ ಸರ್ಟಿಫಿಕೇಟುಗಳನ್ನು ಜರ್ಮನಿಗಾಗಿ ಪರಿಶೀಲಿಸುವ ಕಚೇರಿ, ದೆಹಲಿಯಲ್ಲಿದೆ. 2022ರ ನವೆಂಬರ್ 1ರಿಂದ ಅದರ ಸರ್ಟಿಫಿಕೇಟು ಇಲ್ಲದೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವ ಹಾಗಿಲ್ಲ. ಕೆಲವು ವಿನಾಯಿತಿಗಳಿವೆ, ಅವು ನಿಮಗೆ ಅನ್ವಯಿಸಲ್ಲ. ಕಾಲೇಜು ಸರ್ಕಾರಿಯೋ ಖಾಸಗಿಯೋ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನು ವೀಸಾ ಗ್ಯಾರಂಟಿ. ವೀಸಾ ಕೊಡುವುದು ಜರ್ಮನ್ ಕಾನ್ಸುಲೇಟ್. ಅದರ ಪರವಾಗಿ ಗ್ಯಾರಂಟಿ ಕೊಡೋಕೆ ಬೇರೆ ಯಾರಿಗೂ ಆಗಲ್ಲ.

ಖಾಸಗಿ ಅಂದ ಮಾತ್ರಕ್ಕೆ ಮೋಸ ಅಂತಲ್ಲ. ಜರ್ಮನಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ ಖಾಸಗಿ ವಿಶ್ವವಿದ್ಯಾಲಯಗಳೂ ಇವೆ, ಅವುಗಳ ಡಿಗ್ರಿಗೆ ಬೆಲೆಯೂ ಇದೆ. ಆದರೆ ಅಲ್ಲಿ ಎರಡು ವಿಷಯ ಕೇಳಲೇಬೇಕು. ಸರ್ಕಾರದ ಮಾನ್ಯತೆ ಇದೆಯಾ? ತರಗತಿ ನಿಜವಾಗಿ ಕ್ಯಾಂಪಸ್ಸಿನಲ್ಲಿ ನಡೆಯುತ್ತದಾ, ಅಥವಾ ಅರ್ಧ ಆನ್‌ಲೈನಾ? ಎರಡನೆಯದು ಜಾಸ್ತಿ ಮುಖ್ಯ. 2025ರಲ್ಲಿ ಬರ್ಲಿನ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಇದರಲ್ಲೇ ಸಿಕ್ಕಿಬಿದ್ದರು. ಅವರ ಕೋರ್ಸಿಗೆ ಜರ್ಮನಿಯಲ್ಲಿ ಇರಬೇಕಾದ ಅಗತ್ಯವೇ ಇಲ್ಲ ಅಂತ ವಲಸೆ ಕಚೇರಿ ಹೇಳಿತು. ಲಕ್ಷಗಟ್ಟಲೆ ಫೀಸು ಕಟ್ಟಿದವರಿಗೆ ದೇಶ ಬಿಡಿ ಅನ್ನುವ ಪತ್ರ ಬಂತು.

ಸರ್ಕಾರಿ ವಿಶ್ವವಿದ್ಯಾಲಯದ ಹೆಸರು ಕನ್ಸಲ್ಟೆಂಟ್ ಬಾಯಲ್ಲಿ ಯಾಕೆ ಬರಲ್ಲ ಅಂತ ಯೋಚಿಸಿದ್ದೀರಾ? ಸೀಟು ತುಂಬಿಸಿಕೊಟ್ಟಿದ್ದಕ್ಕೆ ಅವು ಸಾಮಾನ್ಯವಾಗಿ ಕಮಿಷನ್ ಕೊಡಲ್ಲ. ಅಷ್ಟೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇಂಗ್ಲಿಷಿನಲ್ಲಿ ನಡೆಯುವ ಕೋರ್ಸುಗಳಿಗೆ ಬರವಿಲ್ಲ. ಡಿಎಎಡಿ ಅಂತ ಜರ್ಮನಿಯ ಒಂದು ಸಂಸ್ಥೆ ಇದೆ. 1925ರಲ್ಲಿ ಶುರುವಾಗಿದ್ದು, ವಿದೇಶಿ ವಿದ್ಯಾರ್ಥಿಗಳಿಗೆ ಮಾಹಿತಿ, ವಿದ್ಯಾರ್ಥಿವೇತನ ಕೊಡುತ್ತದೆ. ಅದರ ಜಾಲತಾಣದಲ್ಲಿ ಇಂಟರ್‌ನ್ಯಾಷನಲ್ ಪ್ರೋಗ್ರಾಮ್ಸ್ ಅನ್ನುವ ಪಟ್ಟಿ ಇದೆ. ಎರಡು ಸಾವಿರಕ್ಕೂ ಜಾಸ್ತಿ ಕೋರ್ಸುಗಳು, ಅದರಲ್ಲಿ ದೊಡ್ಡ ಪಾಲು ಮಾಸ್ಟರ್ಸ್. ಭಾಷೆ ಇಂಗ್ಲಿಷ್, ಫೀಸು ಇಲ್ಲ, ಎಂಜಿನಿಯರಿಂಗ್ ಅಂತ ಮೂರು ಗುರುತು ಹಾಕಿ ಹುಡುಕಿ. ಹುಡುಕೋದಕ್ಕೆ ದುಡ್ಡು ಬೇಡ, ಲಾಗಿನ್ ಕೂಡ ಬೇಡ.

ನಮ್ಮ ಹುಡುಗರು ಎಡವೋದು ಇದಾದ ಮೇಲೆ. ಪಟ್ಟಿ ನೋಡಿ ರ‍್ಯಾಂಕಿಂಗ್ ಪ್ರಕಾರ ಹತ್ತು ವಿಶ್ವವಿದ್ಯಾಲಯ ಆರಿಸುತ್ತಾರೆ, ಚೆನ್ನಾಗಿ ಕೇಳಿಸುವ ಕೋರ್ಸಿನ ಹೆಸರು ಆರಿಸುತ್ತಾರೆ, ಅರ್ಜಿ ಹಾಕುತ್ತಾರೆ. ಹತ್ತೂ ಕಡೆಯಿಂದ ಇಲ್ಲ ಅಂತ ಬರುತ್ತದೆ. ಸಿಜಿಪಿಎ ಕಮ್ಮಿ ಆಯ್ತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕಾರಣ ಸಿಜಿಪಿಎ ಅಲ್ಲ, ಸಿಲಬಸ್ಸು.

ಜರ್ಮನಿಯ ಬಹುಪಾಲು ಮಾಸ್ಟರ್ಸ್ ಕೋರ್ಸುಗಳು ಬ್ಯಾಚುಲರ್ಸ್‌ನ ಮುಂದುವರಿಕೆ. ಅಂದರೆ ನೀವು ಯಾವ ವಿಷಯ ಎಷ್ಟು ಓದಿದ್ದೀರಿ ಅಂತ ಅಳೆದು ನೋಡುತ್ತಾರೆ. ಅಳತೆಗೆ ಯುರೋಪಿನ ಇಸಿಟಿಎಸ್ ಕ್ರೆಡಿಟ್ ಬಳಸುತ್ತಾರೆ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು, ತರಗತಿ, ಮನೆಯಲ್ಲಿ ಓದಿದ್ದು ಎಲ್ಲ ಸೇರಿ. ವರ್ಷಕ್ಕೆ 60 ಕ್ರೆಡಿಟ್. ನಾಲ್ಕು ವರ್ಷದ ಬಿಇ ಅಂದರೆ ಲೆಕ್ಕಕ್ಕೆ 240. ನಿಮ್ಮ 2022ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ವಿಟಿಯು ಒಟ್ಟು 160 ಕ್ರೆಡಿಟ್ ಇಟ್ಟಿದೆ. ಹಾಗಾಗಿ ವಿಟಿಯು ಕ್ರೆಡಿಟ್ ಒಂದಕ್ಕೆ ಅಲ್ಲಿಯ ಒಂದೂವರೆ. ಹಲವು ಕಡೆ ಹೀಗೆ ಲೆಕ್ಕ ಹಾಕುತ್ತಾರೆ, ಎಲ್ಲ ಕಡೆಯೂ ಅಲ್ಲ. ಕೆಲವು ಪ್ರೊಫೆಸರುಗಳು ಸಿಲಬಸ್ ಓದಿ ತಾವೇ ತೀರ್ಮಾನ ಮಾಡುತ್ತಾರೆ.

ಒಂದು ಉದಾಹರಣೆ ನೋಡಿ. ಒಂದು ಕೋರ್ಸಿನ ಪ್ರವೇಶ ನಿಯಮದಲ್ಲಿ ಗಣಿತ 20 ಕ್ರೆಡಿಟ್, ಮೆಕ್ಯಾನಿಕ್ಸ್ 15, ಥರ್ಮೋಡೈನಮಿಕ್ಸ್ ಮತ್ತು ಫ್ಲೂಯಿಡ್ಸ್ ಸೇರಿ 10, ಕಂಟ್ರೋಲ್ ಎಂಜಿನಿಯರಿಂಗ್ 5 ಅಂತ ಇದೆ ಅಂದುಕೊಳ್ಳಿ. ನಿಮ್ಮ ಎಲ್ಲ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಗಣಿತದ ಪೇಪರ್ ಎಷ್ಟು, ಒಂದೊಂದಕ್ಕೆ ಎಷ್ಟು ಕ್ರೆಡಿಟ್, ಒಂದೂವರೆಯಿಂದ ಗುಣಿಸಿದರೆ ಎಷ್ಟು? ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಎಲ್ಲಿಗೆ ಸೇರುತ್ತದೆ? ಮೊದಲ ವರ್ಷದ ಸಿವಿಲ್ ಪೇಪರಿನಲ್ಲಿ ಓದಿದ ಸ್ಟ್ಯಾಟಿಕ್ಸ್ ಲೆಕ್ಕಕ್ಕೆ ಬರುತ್ತದಾ? ಬರುತ್ತದೆ. ಹೆಸರು ಬೇರೆ ಇದ್ದರೂ ಒಳಗಿನ ಪಾಠ ಅದೇ ಆಗಿದ್ದರೆ ಬರೆಯಿರಿ. ಇದನ್ನೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿಟ್ಟುಕೊಳ್ಳಿ. ಅರ್ಜಿಯ ಜೊತೆ ಇಂಥದ್ದೇ ಒಂದು ಪಟ್ಟಿ ತುಂಬಿ ಕೊಡಿ ಅಂತ ಕೇಳುವ ವಿಶ್ವವಿದ್ಯಾಲಯಗಳೂ ಇವೆ, ಆಗ ಕೆಲಸ ಸುಲಭ. ವಿಟಿಯು ಸಿಲಬಸ್ ಪಿಡಿಎಫ್ ಕೂಡ ಈಗಲೇ ಇಳಿಸಿಟ್ಟುಕೊಳ್ಳಿ, ನಿಮ್ಮದೇ ಸ್ಕೀಮಿನದ್ದು. ಸೀನಿಯರ್ ಕೊಟ್ಟ ಹಳೇ ಸ್ಕೀಮಿನದ್ದು ಬೇಡ.

ಡೇಟಾ ಸೈನ್ಸ್ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಸರ್ಕಾರಿ ವಿಶ್ವವಿದ್ಯಾಲಯಗಳ ಡೇಟಾ ಸೈನ್ಸ್, ಕಂಪ್ಯೂಟರ್ ಸೈನ್ಸ್ ಕೋರ್ಸುಗಳು ಅಲ್ಗಾರಿದಮ್, ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಪ್ರಾಬಬಿಲಿಟಿ ಅಂತ ಕ್ರೆಡಿಟ್ ಲೆಕ್ಕದಲ್ಲಿ ಕೇಳುತ್ತವೆ. ಮೆಕ್ಯಾನಿಕಲ್‌ನವರ ಕೈಯಲ್ಲಿ ಇರೋದು ಒಂದೆರಡು ಪ್ರೋಗ್ರಾಮಿಂಗ್ ಪೇಪರ್. ಆನ್‌ಲೈನಿನಲ್ಲಿ ಮಾಡಿದ ಸರ್ಟಿಫಿಕೇಟು ಮಾರ್ಕ್ಸ್ ಕಾರ್ಡಿನಲ್ಲಿ ಕಾಣಿಸದಿದ್ದರೆ ಬಹುತೇಕ ಕಡೆ ಲೆಕ್ಕಕ್ಕಿಲ್ಲ. ಹಾಗಾಗಿ ನೇರವಾಗಿ ಹಾರೋದು ಕಷ್ಟ. ಆದರೆ ಕೋಡಿಂಗ್ ಕಡೆ ಹೋಗಲೇಬೇಕು ಅನ್ನುವವರಿಗೆ ಪಕ್ಕದ ದಾರಿ ಇದೆ: ಸಿಮ್ಯುಲೇಶನ್, ಅಂದರೆ ಯಂತ್ರ, ರಚನೆ ಹೇಗೆ ವರ್ತಿಸುತ್ತದೆ ಅಂತ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡೋದು. ಬೋಖುಮ್‌ನ ರೂರ್ ವಿಶ್ವವಿದ್ಯಾಲಯದಲ್ಲಿ ಕಂಪ್ಯುಟೇಶನಲ್ ಎಂಜಿನಿಯರಿಂಗ್ ಇದೆ. ಬ್ರೌನ್‌ಷ್ವೈಗ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಂಪ್ಯುಟೇಶನಲ್ ಸೈನ್ಸಸ್ ಇನ್ ಎಂಜಿನಿಯರಿಂಗ್ ಇದೆ. ಸ್ಟುಟ್‌ಗಾರ್ಟ್‌ನಲ್ಲಿ ಕೊಮಾಸ್ ಅಂತ ಒಂದು ಕೋರ್ಸಿದೆ, ವಸ್ತುಗಳ ಮತ್ತು ರಚನೆಗಳ ಮೆಕ್ಯಾನಿಕ್ಸನ್ನು ಕಂಪ್ಯೂಟರಿನಲ್ಲಿ ಬಿಡಿಸೋದು. ಮೂರೂ ಮೆಕ್ಯಾನಿಕಲ್, ಸಿವಿಲ್ ಓದಿದವರನ್ನು ನೆನಪಿನಲ್ಲಿಟ್ಟುಕೊಂಡೇ ಮಾಡಿದ ಕೋರ್ಸುಗಳು. ಆದರೆ ಗಣಿತ ಗಟ್ಟಿ ಇರಬೇಕು. ನಿಮ್ಮ ಎರಡು ಬ್ಯಾಕ್‌ಲಾಗ್ ಯಾವ ಪೇಪರಿನವು ಅಂತ ನೀವು ಬರೆದಿಲ್ಲ. ಗಣಿತದ ಎಂ-2, ಎಂ-3 ಪೇಪರ್ ಆಗಿದ್ದರೆ ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ!

ಮೆಕ್ಯಾನಿಕಲ್‌ಗೆ ಹತ್ತಿರದ ಕೋರ್ಸುಗಳಲ್ಲಿ ನಾನು ಮೊದಲು ನೋಡೋದು ಡಾರ್ಟ್‌ಮುಂಡ್‌ನ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ. ಪ್ರೊಡಕ್ಷನ್ ಇಷ್ಟ ಇರುವವರಿಗೆ ಹೇಳಿ ಮಾಡಿಸಿದ್ದು. ಜೀಗನ್ ವಿಶ್ವವಿದ್ಯಾಲಯದಲ್ಲಿ ಮೆಕಟ್ರಾನಿಕ್ಸ್ ಇದೆ. ಊರು ಚಿಕ್ಕದು, ಗುಡ್ಡ ಹತ್ತಿ ಇಳಿಯಬೇಕು, ಬಾಡಿಗೆ ದೊಡ್ಡ ಊರುಗಳಷ್ಟಿಲ್ಲ. ಕೈಸರ್ಸ್‌ಲೌಟರ್ನ್‌ನಲ್ಲಿ ಲಾರಿ, ಟ್ರ್ಯಾಕ್ಟರ್, ಮಣ್ಣು ಅಗೆಯುವ ಯಂತ್ರಗಳ ಬಗ್ಗೆಯೇ ಒಂದು ಮಾಸ್ಟರ್ಸ್ ಇದೆ, ಕಮರ್ಷಿಯಲ್ ವೆಹಿಕಲ್ ಟೆಕ್ನಾಲಜಿ ಅಂತ. ಕಾರಿನ ಹುಚ್ಚಿನಲ್ಲಿ ಇದನ್ನು ಯಾರೂ ನೋಡಲ್ಲ. ಬ್ರೇಮನ್‌ನಲ್ಲಿ ಸ್ಪೇಸ್ ಎಂಜಿನಿಯರಿಂಗ್ ಇದೆ. ಮಾಗ್ಡೆಬುರ್ಗ್ ಮತ್ತು ಕೆಮ್ನಿಟ್ಸ್‌ನಲ್ಲಿ ಭಾರತದ ವಿದ್ಯಾರ್ಥಿಗಳು ಬಹಳ ಜನ ಇದ್ದಾರೆ, ಖರ್ಚೂ ಕಮ್ಮಿ. ಷರತ್ತು, ಕೊನೇ ದಿನಾಂಕ ವರ್ಷವರ್ಷ ಬದಲಾಗುತ್ತವೆ, ಆದ್ದರಿಂದ ಆಯಾ ಕೋರ್ಸಿನ ಪುಟವನ್ನೇ ಓದಿ. ಯೂಟ್ಯೂಬ್ ವಿಡಿಯೋ ನಂಬಿಕೊಂಡು ಕೂರಬೇಡಿ.

ಇವೆಲ್ಲ ವಿಶ್ವವಿದ್ಯಾಲಯಗಳು. ಇವುಗಳ ಜೊತೆಗೆ ಹೋಖ್‌ಷೂಲೆ ಅಂತ ಇನ್ನೊಂದು ಬಗೆಯ ಸರ್ಕಾರಿ ಕಾಲೇಜುಗಳಿವೆ, ಎಸ್ಲಿಂಗನ್, ಇಂಗೋಲ್‌ಷ್ಟಾಟ್, ವೈನ್‌ಗಾರ್ಟನ್, ರೈನ್-ವಾಲ್ ಹಾಗೆ. ಇಲ್ಲಿ ಸಿದ್ಧಾಂತ ಕಮ್ಮಿ, ಕೈಕೆಲಸ ಜಾಸ್ತಿ. ಪಾಠ ಮಾಡುವವರು ಕಂಪನಿಗಳಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ನಮ್ಮಲ್ಲಿ ಇವನ್ನು ಎರಡನೇ ದರ್ಜೆ ಅಂತ ನೋಡುವ ಚಾಳಿ ಇದೆ. ಅದು ತಪ್ಪು. ಪಿಎಚ್‌ಡಿ ಮಾಡುವ ಆಸೆ ಇಲ್ಲ, ಕೆಲಸ ಬೇಕು ಅನ್ನುವವರಿಗೆ ಹೋಖ್‌ಷೂಲೆಯೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. 7.4 ಇರುವ ನೀವು ಹಾಕುವ ಅರ್ಜಿಗಳಲ್ಲಿ ಅರ್ಧದಷ್ಟು ಇಂಥವಕ್ಕೇ ಇರಲಿ.

7.4 ಅಂದೆ, ಅದನ್ನು ಅಲ್ಲಿ ಹೇಗೆ ನೋಡುತ್ತಾರೆ ಅಂತ ತಿಳಿದಿರಬೇಕು. ಜರ್ಮನಿಯಲ್ಲಿ 1 ಅಂದರೆ ತುಂಬಾ ಒಳ್ಳೆಯದು, 4 ಅಂದರೆ ಬರೀ ಪಾಸು. ನಮ್ಮ ಅಂಕಗಳನ್ನು ಬದಲಾಯಿಸೋಕೆ ಬವೇರಿಯನ್ ಫಾರ್ಮುಲಾ ಅಂತ ಒಂದಿದೆ. ಗರಿಷ್ಠ ಗ್ರೇಡಿನಿಂದ ನಿಮ್ಮ ಗ್ರೇಡ್ ಕಳೆಯಿರಿ. ಅದನ್ನು, ಗರಿಷ್ಠದಿಂದ ಕನಿಷ್ಠ ಪಾಸ್ ಗ್ರೇಡ್ ಕಳೆದು ಬಂದಿದ್ದರಿಂದ ಭಾಗಿಸಿ. ಮೂರರಿಂದ ಗುಣಿಸಿ, ಒಂದು ಕೂಡಿಸಿ. ಗರಿಷ್ಠ 10, ಕನಿಷ್ಠ 4 ಅಂತ ಹಿಡಿದರೆ ನಿಮಗೆ 2.3 ಬರುತ್ತದೆ. ಕನಿಷ್ಠ 5 ಅಂತ ಹಿಡಿದರೆ 2.56. ಬಹಳ ಕೋರ್ಸುಗಳ ಗಡಿ 2.5! ಅದೇ ಹುಡುಗ, ಅದೇ ಮಾರ್ಕ್ಸು, ಒಂದು ಲೆಕ್ಕದಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಹಾಗಾಗಿ ಪಾಸಾಗಲು ಕನಿಷ್ಠ ಗ್ರೇಡ್ ಎಷ್ಟು ಅಂತ ಹೇಳುವ ವಿಟಿಯು ನಿಯಮದ ಪುಟವನ್ನು ಅರ್ಜಿಯ ಜೊತೆ ಲಗತ್ತಿಸಿ. ಅವರು ಊಹೆ ಮಾಡೋಕೆ ಬಿಡಬೇಡಿ. ಎಂಟನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಮಾರ್ಕ್ಸ್ ಸ್ವಲ್ಪ ಎತ್ತರಿಸಿಕೊಂಡರೆ ಇನ್ನೂ ಒಳ್ಳೆಯದು. ಕ್ಲಿಯರ್ ಆದ ಬ್ಯಾಕ್‌ಲಾಗ್ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ.

ಆದರೆ ಅಲ್ಲಿಗೆ ಹೋದ ಮೇಲೆ ಬ್ಯಾಕ್‌ಲಾಗ್ ಬೇರೆಯೇ ಕಥೆ. ಇದನ್ನು ಕನ್ಸಲ್ಟೆಂಟುಗಳು ಹೇಳೋದಿಲ್ಲ. ವಿಟಿಯುನಲ್ಲಿ ಒಂದು ಪೇಪರ್ ಉಳಿದರೆ ಮತ್ತೆ ಮತ್ತೆ ಕಟ್ಟಿ ಬರೆಯಬಹುದು. ಜರ್ಮನಿಯ ಬಹುತೇಕ ಕಡೆ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಅದೇ ಕೋರ್ಸನ್ನು ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಸೇರೋಕೂ ಸಾಮಾನ್ಯವಾಗಿ ಬಿಡಲ್ಲ. ವೀಸಾ ಕೋರ್ಸಿಗೆ ಅಂಟಿಕೊಂಡಿರುವುದರಿಂದ ಅದಕ್ಕೂ ಕುತ್ತು. ಇಂಟರ್ನಲ್ಸ್ ಮಾರ್ಕ್ಸ್ ಕೈಹಿಡಿಯುವ ಪದ್ಧತಿ ಅಲ್ಲಿಲ್ಲ. ಎಷ್ಟೋ ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆಯ ಮೇಲೆ ಎಲ್ಲ ನಿಂತಿರುತ್ತದೆ. ನಾಲ್ಕು ಸೆಮಿಸ್ಟರ್ ಕೋರ್ಸಿಗೆ ಐದು, ಆರು ತೆಗೆದುಕೊಳ್ಳುವವರು ಬಹಳ. ಅದು ಅವಮಾನ ಏನಲ್ಲ, ಆದರೆ ಖರ್ಚಿನ ಲೆಕ್ಕ ಹಾಕುವಾಗ ನೆನಪಿರಲಿ.

ಖರ್ಚಿಗೆ ಬರೋಣ. ಜರ್ಮನಿಯಲ್ಲಿ ಓದು ಫ್ರೀ ಅನ್ನೋದು ಅರ್ಧ ಸತ್ಯ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಸಾಮಾನ್ಯವಾಗಿ ಇಲ್ಲ, ನಿಜ. ಸೆಮಿಸ್ಟರಿಗೆ 100ರಿಂದ 400 ಯೂರೋ ವಂತಿಗೆ ಇರುತ್ತದೆ, ಬಹಳ ಕಡೆ ಬಸ್ಸು ರೈಲಿನ ಪಾಸೂ ಅದರಲ್ಲೇ ಸೇರಿರುತ್ತದೆ. ಆದರೆ ಬಾಡನ್-ವುರ್ಟೆಂಬೆರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಹಾಕುತ್ತಿದೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಎಸ್ಲಿಂಗನ್ ಎಲ್ಲ ಆ ರಾಜ್ಯದಲ್ಲೇ ಇವೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4000ದಿಂದ 6000 ಯೂರೋ ಫೀಸು ಶುರು ಮಾಡಿದೆ. ಆಖನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಇಂಗ್ಲಿಷಿನ ಕೆಲವು ಮಾಸ್ಟರ್ಸ್ ಕೋರ್ಸುಗಳು ಅವರ ಇಂಟರ್‌ನ್ಯಾಷನಲ್ ಅಕಾಡೆಮಿ ಮೂಲಕ ನಡೆಯುತ್ತವೆ, ಅವಕ್ಕೆ ದೊಡ್ಡ ಫೀಸು ಇದೆ. ವಿಶ್ವವಿದ್ಯಾಲಯ ಸರ್ಕಾರಿ, ಕೋರ್ಸಿಗೆ ಮಾತ್ರ ದುಡ್ಡು. ಗಮನಿಸದೆ ಅರ್ಜಿ ಹಾಕಿದವರು ಆಮೇಲೆ ತಲೆ ಮೇಲೆ ಕೈಹೊತ್ತು ಕೂರುತ್ತಾರೆ.

ನಿಮ್ಮ 15 ಲಕ್ಷ ಎಲ್ಲಿ ಹೋಗುತ್ತದೆ ಗೊತ್ತಾ? ಬ್ಲಾಕ್ಡ್ ಅಕೌಂಟಿಗೆ. ಒಂದು ವರ್ಷ ಬದುಕೋಕೆ ಹಣ ಇದೆ ಅಂತ ತೋರಿಸಲು 11,904 ಯೂರೋ ಮೊದಲೇ ಹಾಕಿಡಬೇಕು. ಯೂರೋಗೆ ನೂರು ರೂಪಾಯಿ ಆಸುಪಾಸು ಅಂತ ಹಿಡಿದರೂ 12 ಲಕ್ಷ. ಇದು ಫೀಸಲ್ಲ, ನಿಮ್ಮದೇ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಹಾಗೆ ನಿಮ್ಮ ಖಾತೆಗೆ ಬರುತ್ತದೆ. ಆದರೆ ಮೊದಲು ಕೈಯಲ್ಲಿ ಇರಬೇಕಲ್ಲ. ಎಪಿಎಸ್‌ಗೆ 18 ಸಾವಿರ ರೂಪಾಯಿ. ಬಹಳ ವಿಶ್ವವಿದ್ಯಾಲಯಗಳು ಅರ್ಜಿಗಳನ್ನು ಯೂನಿ-ಅಸಿಸ್ಟ್ ಅನ್ನುವ ಸಂಸ್ಥೆಯ ಮೂಲಕ ತೆಗೆದುಕೊಳ್ಳುತ್ತವೆ. ಅದಕ್ಕೆ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಒಂದೊಂದಕ್ಕೆ 30. ವೀಸಾಕ್ಕೆ 75 ಯೂರೋ. ಆಮೇಲೆ ವಿಮಾನದ ಟಿಕೆಟ್, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಮನೆಯ ಡಿಪಾಸಿಟ್ಟು. ಎಲ್ಲ ಸೇರಿ ನಿಮ್ಮ 15 ಲಕ್ಷ ಮೊದಲ ವರ್ಷಕ್ಕೆ ಸರಿಹೋಗುತ್ತದೆ, ಎರಡನೇ ವರ್ಷಕ್ಕೆ ಉಳಿಯೋದಿಲ್ಲ. ಸ್ಟುಟ್‌ಗಾರ್ಟ್ ತರಹ ಫೀಸಿರುವ ಕಡೆ ಹೋದರೆ ಮೊದಲ ವರ್ಷಕ್ಕೂ ಸಾಲದು.

ತಿಂಗಳ 992 ಯೂರೋದಲ್ಲಿ ಆರೋಗ್ಯ ವಿಮೆಗೇ 140ರಿಂದ 150 ಯೂರೋ ಹೋಗುತ್ತದೆ, ಅದು ಕಡ್ಡಾಯ. ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಟಿವಿ-ರೇಡಿಯೋ ವಂತಿಗೆ ಬೇರೆ. ನಮ್ಮ ಮನೆಯಲ್ಲಿ ಟಿವಿನೇ ಇಲ್ಲ ಅಂದರೂ ಬಿಡಲ್ಲ, ಕಟ್ಟಲೇಬೇಕು. ಉಳಿದದ್ದರಲ್ಲಿ ಬಾಡಿಗೆ, ಊಟ. ಮಾಗ್ಡೆಬುರ್ಗ್, ಕೆಮ್ನಿಟ್ಸ್‌ನಲ್ಲಿ ನಡೆಯುತ್ತದೆ. ಮ್ಯೂನಿಕ್‌ನಲ್ಲಿ ಬಹಳ ಕಷ್ಟ. ಕೋರ್ಸಿನಷ್ಟೇ ಊರನ್ನೂ ನೋಡಿ ಅಂತ ನಾನು ಹೇಳೋದು ಇದಕ್ಕೇ.

ಪಾರ್ಟ್ ಟೈಮ್ ಕೆಲಸಕ್ಕೆ ಅನುಮತಿ ಇದೆ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹೋದ ತಕ್ಷಣ ಕೆಲಸ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಮೊದಲ ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ಆದಾಯ ಸೊನ್ನೆ ಅಂತಲೇ ಇಟ್ಟುಕೊಳ್ಳಿ. ಎರಡನೇ ವರ್ಷಕ್ಕೆ ಒಂದು ಎಜುಕೇಶನ್ ಲೋನ್ ಮಂಜೂರು ಮಾಡಿಸಿ ಇಟ್ಟುಕೊಂಡರೆ ನಿದ್ದೆ ಬರುತ್ತದೆ. ಬೇಕಾಗದಿದ್ದರೆ ಪೂರ್ತಿ ತೆಗೆಯಬೇಡಿ, ಅಷ್ಟೇ.

ವಿದ್ಯಾರ್ಥಿವೇತನದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಡಿಎಎಡಿಯ ಇಪಿಒಎಸ್ ಯೋಜನೆಗೆ ಕನಿಷ್ಠ ಎರಡು ವರ್ಷ ಕೆಲಸದ ಅನುಭವ ಬೇಕು, ಆದ್ದರಿಂದ ಈಗ ನಿಮಗಲ್ಲ. ಡಾಯ್ಚ್‌ಲಾಂಡ್‌ಸ್ಟಿಪೆಂಡಿಯುಮ್ ಅಂತ ತಿಂಗಳಿಗೆ 300 ಯೂರೋ ಕೊಡುವುದೊಂದಿದೆ, ಅಲ್ಲಿ ಸೇರಿದ ಮೇಲೆ ವಿಶ್ವವಿದ್ಯಾಲಯದಲ್ಲೇ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದವರಾದರೆ ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನು ಮೊದಲು ವಿಚಾರಿಸಿ.

ಭಾಷೆ. ಪ್ರವೇಶಕ್ಕೆ ಇಂಗ್ಲಿಷ್ ಸಾಕು, ಐಇಎಲ್‌ಟಿಎಸ್‌ನಲ್ಲಿ 6.5 ಇದ್ದರೆ ಬಹಳ ಕಡೆ ನಡೆಯುತ್ತದೆ. ಆದರೆ ಕೆಲಸಕ್ಕೆ ಇಂಗ್ಲಿಷ್ ಸಾಲದು, ಅದರಲ್ಲೂ ಮೆಕ್ಯಾನಿಕಲ್‌ನವರಿಗೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಗ್ಲಿಷಿನಲ್ಲಿ ದಿನ ದೂಡಬಹುದು. ಫ್ಯಾಕ್ಟರಿಯಲ್ಲಿ ಮೆಷಿನ್ ಮುಂದೆ ನಿಂತವನ ಹತ್ತಿರ ಜರ್ಮನ್ನೇ ಆಡಬೇಕು. ಈಗಿನ ಪರಿಸ್ಥಿತಿಯಂತೂ ಇನ್ನೂ ಬಿಗಿ. ಫೋಕ್ಸ್‌ವ್ಯಾಗನ್ 2024ರ ಡಿಸೆಂಬರ್‌ನಲ್ಲಿ ಕಾರ್ಮಿಕ ಸಂಘದ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ 2030ರೊಳಗೆ ಜರ್ಮನಿಯಲ್ಲಿ 35 ಸಾವಿರಕ್ಕೂ ಹೆಚ್ಚು ಹುದ್ದೆ ಕಡಿಮೆಯಾಗಲಿವೆ. ಕಾರಿನ ಬಿಡಿಭಾಗ ಮಾಡುವ ಕಂಪನಿಗಳಲ್ಲೂ ಅದೇ ಗಾಳಿ. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಇರಬಹುದು, ಆದರೆ ಆ 18 ತಿಂಗಳಲ್ಲಿ ಬಿ-2 ಮಟ್ಟದ ಜರ್ಮನ್ (ಭಾಷೆಯ ಮಟ್ಟ ಎ-1ರಿಂದ ಸಿ-2ರವರೆಗೆ ಏರುತ್ತದೆ) ಇದ್ದವನಿಗೂ ಇಲ್ಲದವನಿಗೂ ಅಜಗಜಾಂತರ. ಆಟೊಮೋಟಿವ್ ಅಂತಲೇ ಹೆಸರಿರುವ ಕೋರ್ಸಿಗೆ ಈಗ ನಾನು ಯಾರಿಗೂ ಮೊದಲ ಜಾಗ ಕೊಡಲ್ಲ. ಮ್ಯಾನುಫ್ಯಾಕ್ಚರಿಂಗ್, ಮೆಕಟ್ರಾನಿಕ್ಸ್, ಸಿಮ್ಯುಲೇಶನ್ ಓದಿದವರು ಕಾರಿನ ಕೆಲಸಕ್ಕೂ ಹೋಗಬಹುದು, ಬೇರೆ ಕಡೆಗೂ ಹೋಗಬಹುದು.

ಹಾಗಾಗಿ ಜರ್ಮನ್ ಕಲಿಯೋದನ್ನು ಇಲ್ಲೇ ಶುರು ಮಾಡಿ. ಬೆಂಗಳೂರಿನ ಇಂದಿರಾನಗರದಲ್ಲಿ ಗೊಯ್ಟೆ ಇನ್‌ಸ್ಟಿಟ್ಯೂಟ್ ಇದೆ, ಮ್ಯಾಕ್ಸ್ ಮುಲ್ಲರ್ ಭವನ ಅಂದರೆ ಜನಕ್ಕೆ ಗೊತ್ತು. ಆನ್‌ಲೈನ್ ತರಗತಿಗಳೂ ಇವೆ. ಹೋಗುವ ಹೊತ್ತಿಗೆ ಎ-2 ಆಗಿರಲಿ, ಬಿ-1 ಆದರೆ ಇನ್ನೂ ಚೆನ್ನ. ಅಲ್ಲಿಗೆ ಹೋಗಿ ಕಲಿತೀನಿ ಅಂದವರು ಓದು, ಕೆಲಸ, ಅಡುಗೆ ಮಧ್ಯೆ ಕಲಿಯೋದೇ ಇಲ್ಲ.

ಸಮಯದ ಲೆಕ್ಕ ಹೀಗಿದೆ. ಚಳಿಗಾಲದ ಸೆಮಿಸ್ಟರ್ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ಶುರು. ಅರ್ಜಿಯ ಸಾಮಾನ್ಯ ಕೊನೇ ದಿನ ಜುಲೈ 15. ಆದರೆ ಇಂಗ್ಲಿಷ್ ಮಾಸ್ಟರ್ಸ್‌ಗಳಲ್ಲಿ ಬಹಳಷ್ಟು ಮಾರ್ಚ್, ಏಪ್ರಿಲ್, ಮೇ ಹೊತ್ತಿಗೇ ಮುಚ್ಚಿಬಿಡುತ್ತವೆ. ಎಪಿಎಸ್‌ಗೆ ಈಗಲೇ ಅರ್ಜಿ ಹಾಕಿ, ಕೊನೇ ವರ್ಷದಲ್ಲಿ ಇರುವವರೂ ಹಾಕಬಹುದು. ಎಂಟನೇ ಸೆಮಿಸ್ಟರ್ ರಿಸಲ್ಟ್ ತಡವಾದರೆ ಕಷ್ಟ ಆಗೋದು ಡಿಗ್ರಿ ಸರ್ಟಿಫಿಕೇಟಿನಲ್ಲಿ. ಪ್ರೊವಿಷನಲ್ ಸರ್ಟಿಫಿಕೇಟು ಎಲ್ಲಿಯವರೆಗೆ ಕೊಡಬಹುದು ಅಂತ ಒಂದೊಂದು ವಿಶ್ವವಿದ್ಯಾಲಯಕ್ಕೂ ಮೇಲ್ ಮಾಡಿ ಕೇಳಿ. ಅವರು ಉತ್ತರ ಕೊಡುತ್ತಾರೆ, ನಾಚಿಕೆ ಬೇಡ. ಅಕ್ಟೋಬರಿಗೆ ಆಗದಿದ್ದರೆ ಬೇಸಿಗೆ ಸೆಮಿಸ್ಟರ್ ಇದೆ, ಸಾಮಾನ್ಯವಾಗಿ ಏಪ್ರಿಲ್ 1ಕ್ಕೆ ಶುರು, ಅರ್ಜಿಗೆ ಕೊನೇ ದಿನ ಸಾಮಾನ್ಯವಾಗಿ ಜನವರಿ 15. ಕೋರ್ಸುಗಳು ಕಮ್ಮಿ ಇರುತ್ತವೆ, ಆದರೆ ಗಡಿಬಿಡಿಯೂ ಕಮ್ಮಿ. ನಿಮ್ಮ ಪರಿಸ್ಥಿತಿಯಲ್ಲಿ ಆರು ತಿಂಗಳು ತಡವಾದರೂ ಜರ್ಮನ್ ಬಿ-1 ಮುಗಿಸಿ ಹೋಗೋದು ನಷ್ಟ ಅಲ್ಲ ಅಂತಲೇ ನಾನು ಹೇಳ್ತೀನಿ.

ಮೋಟಿವೇಶನ್ ಲೆಟರ್, ಅಂದರೆ ಈ ಕೋರ್ಸು ಯಾಕೆ ಬೇಕು ಅಂತ ಅರ್ಜಿಯ ಜೊತೆ ಕೊಡುವ ಪತ್ರ, ನೀವೇ ಬರೆಯಿರಿ. ಚಿಕ್ಕಂದಿನಿಂದ ಯಂತ್ರಗಳೆಂದರೆ ಇಷ್ಟ ಅಂತ ಶುರುವಾಗುವ ಪತ್ರಗಳನ್ನು ಓದಿ ಓದಿ ಅಲ್ಲಿಯ ಪ್ರೊಫೆಸರುಗಳಿಗೆ ಸಾಕಾಗಿರುತ್ತದೆ. ಅವರ ಕೋರ್ಸಿನ ಯಾವ ಎರಡು ವಿಷಯ ನಿಮಗೆ ಬೇಕು, ನೀವು ಮಾಡಿದ ಯಾವ ಪ್ರಾಜೆಕ್ಟಿಗೆ ಅವು ತಾಳೆಯಾಗುತ್ತವೆ, ಇಷ್ಟು ಬರೆದರೆ ಒಂದು ಪುಟ ತುಂಬುತ್ತದೆ.

ಕರ್ನಾಟಕದವರ ವೀಸಾ ನೋಡಿಕೊಳ್ಳುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಅರ್ಜಿಯನ್ನು ಈಗ ಆನ್‌ಲೈನ್ ಪೋರ್ಟಲಿನಲ್ಲಿ ತುಂಬಬಹುದು, ಆಮೇಲೆ ಮೂಲ ದಾಖಲೆ ಹಿಡಿದು ಖುದ್ದಾಗಿ ಹೋಗಬೇಕು. ಒಂದು ಬದಲಾವಣೆ ಗಮನಿಸಿ. ವೀಸಾ ತಿರಸ್ಕಾರವಾದರೆ ಮರುಪರಿಶೀಲಿಸಿ ಅಂತ ಕಾನ್ಸುಲೇಟಿಗೇ ಮನವಿ ಕೊಡುವ ಪದ್ಧತಿ ಮೊದಲು ಇತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಜರ್ಮನಿಯಲ್ಲಿ ಕೋರ್ಟಿಗೆ ಹೋಗಬೇಕು. ಆದ್ದರಿಂದ ಮೊದಲ ಸಲವೇ ಕಾಗದಪತ್ರ ಸರಿಯಾಗಿರಲಿ.

ಕೊನೆಗೆ ತಂಗಿ. ಪಿಯುಸಿ ಮಾತ್ರ ಮುಗಿಸಿದವರಿಗೆ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದ ಬ್ಯಾಚುಲರ್ಸ್‌ಗೆ ನೇರ ಪ್ರವೇಶ ಸಿಗಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ದರೆ ತಾಂತ್ರಿಕ, ವಿಜ್ಞಾನ ವಿಷಯಗಳಿಗೆ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಇಲ್ಲಿಯೇ ಮಾನ್ಯತೆ ಇರುವ ಕಾಲೇಜಿನಲ್ಲಿ ಒಂದು ವರ್ಷ ಓದಿ ಪಾಸಾಗಿ, ಆಮೇಲೆ ಅದೇ ವಿಷಯಕ್ಕೆ ಅರ್ಜಿ ಹಾಕಬಹುದು. ಎಪಿಎಸ್ ಅವಳಿಗೂ ಬೇಕು. ಬ್ಯಾಚುಲರ್ಸ್‌ನಲ್ಲಿ ಇಂಗ್ಲಿಷ್ ಕೋರ್ಸುಗಳು ಬಹಳ ಕಮ್ಮಿ, ಹೆಚ್ಚಿನವು ಜರ್ಮನ್‌ನಲ್ಲಿ, ಸಿ-1 ಮಟ್ಟ ಕೇಳುತ್ತವೆ. ಈ ವರ್ಷ ಸಿಇಟಿ ಬರೆದು ಇಲ್ಲಿ ಒಳ್ಳೆಯ ಕಾಲೇಜು ಸೇರಲಿ, ಜೊತೆಗೆ ಜರ್ಮನ್ ತರಗತಿಗೂ ಹೋಗಲಿ. ಮೊದಲ ವರ್ಷ ಮುಗಿದಾಗಲೂ ಆಸೆ ಹಾಗೇ ಇದ್ದರೆ ಆಗ ಮತ್ತೆ ಬರೆಯಿರಿ, ಅವಳ ಮಾರ್ಕ್ಸ್ ಕಾರ್ಡ್ ಜೊತೆಗೆ.